ಹಾರ ಹಾಕಿದ ಬಾನೆಟ್ಟು

ಚಿಂತಾಮಣಿಯ ಮಂಡಿಯಲ್ಲಿ ಟೊಮೆಟೊ ಕೊಳ್ಳುವವರು ಬಾಕ್ಸಿನ ಮೇಲಿನ ಹಣ್ಣುಗಳನ್ನು ನೋಡಿ ಮರುಳಾಗುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ, ತಳದ ಹಣ್ಣೊಂದನ್ನು ಎಳೆದು, ಅದರ ಮುಖ ನೋಡಿ ಬೆಲೆ ಕೂಗುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗಿನ ಹುಳುವಿನ ಸಮಾಚಾರ ಕೇಳಿಕೊಂಡೇ ಹರಾಜಿಗೆ ನಿಲ್ಲುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ, ಊರೂರು ತಿರುಗಿ ಗ್ರಾಹಕರ ಹಕ್ಕುಗಳ ಕುರಿತು ಭಾಷಣ ಮಾಡುವ ನಾನು, ಬಾನೆಟ್ಟನ್ನೇ ಎತ್ತಿಸದೆ ಹಳೆಯ ಕಾರೊಂದನ್ನು ಕೊಡಿಸಿದೆನೆಂದರೆ ನೀವು ನಂಬಲಾರಿರಿ. ದಯವಿಟ್ಟು ನಂಬಿ. ಎಲ್ಲಕ್ಕೂ ಕಾರಣ ಒಂದು ಹೂವಿನ ಹಾರ.

ಕಾರು ನನ್ನದಲ್ಲ, ಅಕ್ಕನದು. ಅಕ್ಕ ತೊಂಡೇಬಾವಿಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಸೇವೆಯುದ್ದಕ್ಕೂ ಬಸ್ಸಿನ ಮೆಟ್ಟಿಲು, ರೈಲಿನ ಬಾಗಿಲು, ಯಾರದೋ ಸ್ಕೂಟರಿನ ಹಿಂದಿನ ಸೀಟು ಎಂದು ಬೇರೆಯವರ ವೇಗದಲ್ಲಿಯೇ ಬದುಕಿದವಳು. ಬೀಳ್ಕೊಡುಗೆಯ ಶಾಲು ಮಡಿಕೆ ಬಿಚ್ಚುವ ಮೊದಲೇ ಡ್ರೈವಿಂಗ್ ಶಾಲೆ ಸೇರಿ, ತನ್ನ ವಿದ್ಯಾರ್ಥಿಗಳ ಮಕ್ಕಳ ಪಕ್ಕದಲ್ಲಿ ಕುಳಿತು ಪರೀಕ್ಷೆ ಬರೆದು, ಲೈಸೆನ್ಸ್ ಪಡೆದಳು. ಅವಳ ಆಸೆ ಚಿಕ್ಕದು: ಜೊತೆಗೆ ಪಾಠ ಮಾಡಿದ ಗೆಳತಿಯರಿಬ್ಬರನ್ನು ಕೂರಿಸಿಕೊಂಡು, ತಾನೇ ಸ್ಟಿಯರಿಂಗ್ ಹಿಡಿದು ವಿದುರಾಶ್ವತ್ಥಕ್ಕೆ ಹೋಗಿ, ಹುತಾತ್ಮರ ಸ್ಮಾರಕಕ್ಕೆ ಕೈಮುಗಿದು, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಬೇಕು. ಹೊಸ ಕಾರು ಅವಳ ಕೈಗೆ ಎಟುಕುವಂಥದ್ದಾಗಿರಲಿಲ್ಲ. ಹಳೆಯದನ್ನಾದರೂ ಒಮ್ಮೆ ಮಾತ್ರ ಕೊಳ್ಳಬಲ್ಲವಳಾಗಿದ್ದಳು.

ಗೌರಿಬಿದನೂರಿನ ಹೊರಗೆ ಹಿಂದೂಪುರದ ರಸ್ತೆಯಲ್ಲಿ ವೆಂಕಟರಮಣಪ್ಪ ಎಂಬವರು ಹಳೆಯ ಕಾರುಗಳನ್ನು ಮಾರುತ್ತಾರೆ. ನಮ್ಮ ಕಡೆ ಎಷ್ಟೇ ಹಳೆಯ ಕಾರಾದರೂ ಅದನ್ನು ಮದುಮಗಳಂತೆ ಸಿಂಗರಿಸಿ ಒಪ್ಪಿಸುವುದು ವಾಡಿಕೆ. ಬಾನೆಟ್ಟಿಗೆ ಅಡ್ಡಲಾಗಿ ಚೆಂಡುಹೂವಿನ ದಪ್ಪ ಹಾರ, ಗಾಜಿಗೆ ಕುಂಕುಮ, ಆಮೇಲೆ ಆಳುದ್ದದ ರಟ್ಟಿನ ಕೀಲಿಕೈ ಹಿಡಿದು ಫೋಟೊ. ಅಕ್ಕ ಎಂಜಿನ್ ನೋಡಬೇಕೆಂದಳು. ವೆಂಕಟರಮಣಪ್ಪ ಅವಳಿಗೆ ಉತ್ತರಿಸಲಿಲ್ಲ. ನನ್ನ ಕಡೆ ತಿರುಗಿದರು.

"ಹಾರ ಹಾಕಿದ್ಮೇಲೆ ಬಾನೆಟ್ ಎತ್ತಬಾರ್ದು ಸಾರ್. ಅಪಶಕುನ."

ಅಪಶಕುನ! ಅದೂ ನನ್ನೆದುರಿಗೆ! ಬೆಕ್ಕು ಅಡ್ಡ ಬಂದರೆ ಬೆಕ್ಕಿಗೂ ಎಲ್ಲಿಗೋ ಹೋಗುವುದಿದೆ ಎಂಬಲ್ಲಿಂದ ಆರಂಭಿಸಿ, ಗ್ರಹಣ, ರಾಹುಕಾಲ, ಸೀನುಗಳ ಮೂಲಕ ಹಾದು, ಭಯವನ್ನು ಬಂಡವಾಳ ಮಾಡಿಕೊಂಡ ಎಲ್ಲ ವ್ಯವಸ್ಥೆಗಳನ್ನೂ ನಾನು ಸಾದ್ಯಂತವಾಗಿ ಖಂಡಿಸಿದೆ. ವೆಂಕಟರಮಣಪ್ಪ ಪ್ರತಿ ವಾಕ್ಯಕ್ಕೂ ತಲೆದೂಗಿದರು. ಕೊನೆಗೆ ಶಕುನವೆಂಬುದು ಶುದ್ಧ ಸುಳ್ಳೆಂದು ಒಪ್ಪಿ, ಇಂಥ ಮಾತು ಕೇಳಿ ಪುಣ್ಯ ಬಂತೆಂದು ನನ್ನ ಕೈಕುಲುಕಿದರು. ನನ್ನ ಸಾರ್ವಜನಿಕ ಜೀವನದಲ್ಲಿ ಅಷ್ಟು ಸಂಪೂರ್ಣವಾದ ಗೆಲುವು ಇನ್ನೊಂದಿಲ್ಲ. ಬಾನೆಟ್ಟು ಮಾತ್ರ ಮುಚ್ಚಿಯೇ ಇತ್ತು. ಫೋಟೊದಲ್ಲಿ ರಟ್ಟಿನ ಕೀಲಿಕೈ ನನ್ನ ಕೈಯಲ್ಲಿದೆ. ಕಾರಿನ ಒಡತಿ ಅಂಚಿನಲ್ಲಿ ಅರ್ಧ ಕಾಣುತ್ತಾಳೆ.

ಆ ವಾರವೇ ತೊಂಡೇಬಾವಿಯ ದಾರಿಯಲ್ಲಿ ಕಾರು ಬಿಳಿ ಹೊಗೆ ಉಗುಳಿ, ನೀರಿಲ್ಲದೆ ತಿರುಗಿದ ರುಬ್ಬುಗುಂಡಿನಂತೆ ನರಳಿ ನಿಂತಿತು. ಎಂಜಿನ್ನಿನ ತಲೆಭಾಗ ಮೊದಲೇ ಬಿರುಕು ಬಿಟ್ಟಿತ್ತೆಂದೂ, ಯಾರೋ ಅಂಟು ಮೆತ್ತಿ ಬಣ್ಣ ಬಳಿದು ಮುಚ್ಚಿದ್ದಾರೆಂದೂ ಗ್ಯಾರೇಜಿನವರು ಬರೆದುಕೊಟ್ಟರು. ಅಕ್ಕ ಕಾರಿನ ಕೀಲಿಕೈಯನ್ನು ಕೈಚೀಲಕ್ಕೆ ಹಾಕಿಕೊಂಡಳು. "ಇನ್ನು ಬಸ್ಸೇ ಗತಿ ಅನ್ಸುತ್ತೆ ಕಣೋ," ಎಂದಳು. ನನ್ನ ಮೇಲೆ ರೇಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಫೋನಿನಲ್ಲಿ ವೆಂಕಟರಮಣಪ್ಪ ರಸೀದಿಯ ಬೆನ್ನು ನೋಡಲು ಹೇಳಿದರು. ಅಲ್ಲಿ ಇರುವೆಸಾಲಿನಂಥ ಅಕ್ಷರಗಳಲ್ಲಿ "ಇದ್ದ ಸ್ಥಿತಿಯಲ್ಲಿ ಮಾರಲಾಗಿದೆ, ಮುಂದಿನದಕ್ಕೆ ಜವಾಬ್ದಾರರಲ್ಲ" ಎಂದಿತ್ತು. ಕೊಳ್ಳುವವನೇ ಕಣ್ಣುಬಿಟ್ಟಿರಲಿ ಎಂಬುದು ಹಳೆಯ ಕಾಲದ ವ್ಯಾಪಾರ ನೀತಿ. ದನದ ಸಂತೆಯಲ್ಲಿ ಅದಕ್ಕೊಂದು ನ್ಯಾಯವಿತ್ತು, ಏಕೆಂದರೆ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸಬಹುದಿತ್ತು. ಬಿರುಕಿಗೆ ಬಣ್ಣ ಬಳಿದಲ್ಲಿ ಕಣ್ಣು ಬಿಟ್ಟರೂ ಫಲವಿಲ್ಲ. ಆದ್ದರಿಂದ ಇಂದಿನ ಕಾನೂನು ಮಾರುವವನಿಗೂ ಕಣ್ಣು ಬಿಡಿಸುತ್ತದೆ. ಮಾರುವುದನ್ನೇ ಕಸುಬಾಗಿ ಮಾಡಿಕೊಂಡವನು ದೋಷವನ್ನು ಬಚ್ಚಿಟ್ಟು ಮಾರಿದರೆ ಅದು ಅನುಚಿತ ವ್ಯಾಪಾರ. ಸರಕು ಹಳೆಯದೆಂಬ ಕಾರಣಕ್ಕೆ ಗ್ರಾಹಕ ಗ್ರಾಹಕನಲ್ಲದೆ ಹೋಗುವುದಿಲ್ಲ. ರಸೀದಿಯ ಬೆನ್ನಿನ ಒಂದು ಸಾಲು ವಂಚನೆಯನ್ನು ತೊಳೆಯಲಾರದು. ದುರಸ್ತಿಯನ್ನೋ ಹಣವನ್ನೋ ಕೇಳಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು; ವಕೀಲರಿಲ್ಲದೆ ತಾನೇ ವಾದಿಸಲೂಬಹುದು. ಆ ಕೊನೆಯ ಅವಕಾಶ ನೆನೆದಾಗಲೇ ನನ್ನ ಮೈ ಪುಳಕಗೊಂಡಿತು.

ಮೊದಲು ನೋಟಿಸು ಕೊಡಬೇಕಷ್ಟೆ. ನಾನು ಬರೆದ ಕರಡನ್ನು ಅಕ್ಕ ಕೆಂಪು ಪೆನ್ನು ಹಿಡಿದು ಓದಿದಳು. "ಪುಟ ತಿರುಗಿಸಿದ ಕಡೆಯೆಲ್ಲ ಶೋಷಣೆ ಅಂತಿದೆ, ಕಾರಿನ ನಂಬರೇ ಇಲ್ವಲ್ಲೋ," ಎಂದಳು. ಆಮೇಲೆ ತಾನೇ ಅರ್ಧ ಪುಟ ಬರೆದು, ಗ್ಯಾರೇಜಿನವರ ಅಭಿಪ್ರಾಯ ಲಗತ್ತಿಸಿ, ತನ್ನ ಹೆಸರಿನಲ್ಲಿಯೇ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದಳು.

ವೆಂಕಟರಮಣಪ್ಪ ಮನೆಗೇ ಬಂದರು. ಬಂದವರು ಎದುರಿಗಿದ್ದ ಅಕ್ಕನನ್ನು ಬಿಟ್ಟು ನನಗೆ ನಮಸ್ಕಾರ ಮಾಡಿ, ಎಂಜಿನ್ನೆಂಬುದು ಮನುಷ್ಯನ ಎದೆ ಇದ್ದ ಹಾಗೆ, ಯಾವಾಗ ಕೈಕೊಡುತ್ತದೋ ಹೇಳಲಾಗದು ಎಂದು ತತ್ತ್ವ ಆರಂಭಿಸಿದರು. ತತ್ತ್ವಕ್ಕೆ ತತ್ತ್ವದಿಂದಲೇ ಉತ್ತರಿಸಲು ನಾನು ಗಂಟಲು ಸರಿಮಾಡಿಕೊಂಡೆ.

"ನೀನ್ ಸುಮ್ನಿರಪ್ಪ," ಎಂದಳು ಅಕ್ಕ. ಆಮೇಲೆ ಅವರಿಗೆ, "ಅವನ ಕಡೆ ಯಾಕ್ ನೋಡ್ತೀರಾ? ಕಾರ್ ಕೊಂಡೋಳು ನಾನು. ಬಿರುಕಿರೋದು ನಿಮಗೆ ಗೊತ್ತಿತ್ತಾ, ಇಲ್ವಾ? ಅಷ್ಟು ಹೇಳಿ."

ತರಗತಿಯಲ್ಲಿ ಕೇಳಿದಂತೆ ಕೇಳಿದಳು; ದನಿ ಏರಿಸಲಿಲ್ಲ. ವೆಂಕಟರಮಣಪ್ಪ ಮುಂದಿಟ್ಟಿದ್ದ ಉಪ್ಪಿಟ್ಟಿನ ತಟ್ಟೆ ನೋಡಿದರು, ಫ್ಯಾನು ನೋಡಿದರು.

"ಗೊತ್ತಿತ್ತಮ್ಮಾ," ಎಂದರು.

"ಅವತ್ತು ಬಾನೆಟ್ ಎತ್ತಿ ಅಂತ ನಾನು ಕೇಳ್ತಾನೇ ಇದ್ದೆ. ನೀವಿಬ್ರೂ ಶಕುನ ಇದ್ಯೋ ಇಲ್ವೋ ಅಂತ ಮಾತಾಡ್ತಿದ್ರಿ."

ಇದು ಇಬ್ಬರಿಗೂ ಸಮವಾಗಿ ತಗುಲಿತು. ನಾನು ಊರಿನ ಅನ್ಯಾಯಗಳನ್ನೆಲ್ಲ ಹೆಸರಿಟ್ಟು ಕರೆಯುವವನು. ಹೆಣ್ಣಿನ ಮಾತು ಕಿವಿಗೆ ಬೀಳದಂತೆ ಗಂಡಸರು ಸಿದ್ಧಾಂತ ಚರ್ಚಿಸುವ ಈ ಅನ್ಯಾಯಕ್ಕೆ ಹೆಸರು ಹುಡುಕುತ್ತಾ ಉಪ್ಪಿಟ್ಟು ತಿಂದು ಮುಗಿಸಿದೆ.

ಅಷ್ಟರಲ್ಲಿ ವೆಂಕಟರಮಣಪ್ಪನವರೇ ಇತ್ಯರ್ಥಕ್ಕೆ ಬಂದಿದ್ದರು. ಎಂಜಿನ್ನಿನ ತಲೆಭಾಗ ಹೊಸದು, ಖರ್ಚೆಲ್ಲ ಅವರದು, ಕೆಲಸ ಅಕ್ಕ ಹೇಳಿದ ಗ್ಯಾರೇಜಿನಲ್ಲಿ, ಮೇಲೆ ಬರಹದಲ್ಲಿ ವಾರಂಟಿ. ಚಿಕ್ಕಬಳ್ಳಾಪುರದ ಆಯೋಗದ ಮುಂದೆ ಮಂಡಿಸಲು ನಾನು ಸಿದ್ಧಪಡಿಸಿದ್ದ ವಾದ ಹಾಗೆಯೇ ಉಳಿಯಿತು. ಕೇಳುವ ಸಹನೆಯುಳ್ಳವರು ತಿಳಿಸಿದರೆ ಮನೆಗೇ ಬಂದು ಮಂಡಿಸುತ್ತೇನೆ.

ಕಾರು ಸಿದ್ಧವಾದ ಬೆಳಿಗ್ಗೆ ವೆಂಕಟರಮಣಪ್ಪ ಹಳೆಯ ಅಭ್ಯಾಸದಂತೆ ಮತ್ತೆ ಒಂದು ಹಾರ ಹೊದಿಸಿಯೇ ನಿಲ್ಲಿಸಿದ್ದರು. ಅಕ್ಕ ನೇರವಾಗಿ ಹೋಗಿ ಹಾರ ಬಿಚ್ಚಿದಳು, ಇಡಲು ಜಾಗ ಕಾಣದೆ ನನ್ನ ಕೊರಳಿಗೆ ಹಾಕಿದಳು, ಬಾನೆಟ್ಟು ಎತ್ತಿದಳು. ತಣ್ಣಗಿದ್ದ ಎಂಜಿನ್ನನ್ನು ಚಾಲೂ ಮಾಡಿಸಿ ಕಿವಿಗೊಟ್ಟು ಕೇಳಿದಳು. ಅಂದೇ ವಿದುರಾಶ್ವತ್ಥಕ್ಕೆ ಹೊರಟೆವು. ಮುಂದೆ ಒಬ್ಬ ಗೆಳತಿ, ಹಿಂದೆ ಇನ್ನೊಬ್ಬರು, ಅವರ ಪಕ್ಕದಲ್ಲಿ ಬುತ್ತಿಯ ಚೀಲ ಹಿಡಿದು ನಾನು. ಮೂವರೂ ಮೇಡಂಗಳು ನಗುತ್ತಿದ್ದ ಭರದಲ್ಲಿ ಹಾರ ತೆಗೆಯುವುದು ನನಗೇ ಮರೆತುಹೋಗಿತ್ತು.

ರೈಲ್ವೆ ಗೇಟು ಬಿದ್ದಿತ್ತು. ಕಡಲೆಕಾಯಿ ಮಾರುವ ಹೆಂಗಸು ಕಿಟಕಿಯೊಳಗೆ ಇಣುಕಿ, ಯಾವ ಎಲೆಕ್ಷನ್ ಗೆದ್ದಿರಿ ಸಾರ್ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ಅವನು ವಾದ ಗೆದ್ದಿರೋದು ಕಣಮ್ಮ. ಕಾರು ಗೆದ್ದೋಳು ನಾನು."

ಗೇಟು ಎದ್ದಿತು. ಅಕ್ಕ ಗೇರು ಹಾಕಿದಳು. ಶಕುನಗಳ ಕುರಿತು ಇನ್ನೂ ಹೇಳಬೇಕಾದ್ದು ನನ್ನಲ್ಲಿ ಬಹಳವಿತ್ತು. ಆದರೆ ಎಂಜಿನ್ನಿನ ಸದ್ದು ಹಿತವಾಗಿತ್ತು. ಅದನ್ನು ಕೇಳಲೆಂದು ಸುಮ್ಮನಾದೆ.