ಒತ್ತಿನೆಣೆ ಏರಿನಲ್ಲಿ ಒಂದು ‘ಹ್ವಾಯ್’

ಭಟ್ಕಳಕ್ಕೆ ಹೊರಟಿದ್ದ ನಮ್ಮ ಬಸ್ಸು ಬೈಂದೂರಿನಲ್ಲಿ ಕೆಟ್ಟು ನಿಂತಿತು. ಕೈ ತೋರಿಸಿದಾಗ ನಿಲ್ಲಿಸಿದ್ದು ಮೀನಿನ ಲಾರಿಯ ಡ್ರೈವರ್ ಶೀನಣ್ಣ. ಗೇರ್ ರಾಡಿಗೆ ಮೊಣಕಾಲು ತಾಗದಂತೆ ಮುದುಡಿಕೊಂಡು ಅವರ ಪಕ್ಕದಲ್ಲಿ ಕುಳಿತೆ.

ಪೇಟೆ ದಾಟುವಷ್ಟರಲ್ಲಿ ಅವರು ಎರಡು ಮೂರು ಸಲ “ಹ್ವಾಯ್” ಎಂದರು. ನಮ್ಮ ಕಡೆ ಹಾಗೆ ಕರೆದರೆ ಓಗೊಡದೆ ಇರಲಾದೀತೆ? ಪ್ರತಿ ಸಲವೂ “ಎಂತ?” ಎಂದೆ. ಕೊನೆಗೆ ಅವರು ನಕ್ಕುಬಿಟ್ಟರು.

“ನಿಮ್ಗಲ್ಲ ಮರ್ರೆ, ಗೇರ್‌ಗೆ! ಹಳೇ ಗಾಡಿ ಇದ್. ಕ್ಲಚ್ ಒತ್ತಿ ನ್ಯೂಟ್ರಲ್ ಮಾಡ್ಕ್, ಕ್ಲಚ್ ಬಿಟ್ಟ್ ಚೂರ್ ರೇಸ್ ಕೊಡ್ಕ್, ಮತ್ತೆ ಒತ್ತಿರೆ ಗೇರ್ ಬೀಳತ್ತ್. ಮಧ್ಯ ಎಷ್ಟ್ ಹೊತ್ತ್ ಬಿಡ್ಕ್? ಒಂದ್ ‘ಹ್ವಾಯ್’ ಹೇಳುವಷ್ಟ್.”

ಗುಟ್ಟು ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತೋ ಏನೋ, ಒತ್ತಿನೆಣೆಯ ಏರಿನಲ್ಲಿ ಬಾಯಿ ಬಿಡದೆ ಗೇರ್ ಇಳಿಸಲು ಹೋದರು. ಕರ್ರ್ ಎಂದಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಕರ್ರ್. ಮೀನೂ ಮಂಜುಗಡ್ಡೆಯೂ ತುಂಬಿದ ಲಾರಿ ಎಳೆತ ಕಳೆದುಕೊಂಡು, ಇನ್ನೇನು ಹಿಂದಕ್ಕೆ ಜಾರುತ್ತದೆ ಎನ್ನಿಸಿತು. ಕನ್ನಡಿಯಲ್ಲಿ ನೋಡಿದರೆ ನಮಗೆ ಅಂಟಿಕೊಂಡಂತೆ ಒಂದು ಬಸ್ಸು ಬರುತ್ತಿದೆ. ಶೀನಣ್ಣನ ಕಾಲು ಮತ್ತೊಮ್ಮೆ ಕ್ಲಚ್ಚಿನಿಂದ ಮೇಲೆದ್ದದ್ದೇ ತಡ, ನಾನು ಗಂಟಲು ಹರಿಯುವಂತೆ ಕೂಗಿದೆ:

“ಹ್ವಾಯ್!”

ಗೇರ್ ಮೆತ್ತಗೆ ಹೋಗಿ ಕೂತಿತು. ಲಾರಿ ಗುಟುರು ಹಾಕುತ್ತ ಏರತೊಡಗಿತು. ನಾನು ಸೀಟಿಗೆ ಒರಗಿದೆ.

ಶೀನಣ್ಣ ರಸ್ತೆಯಿಂದ ಕಣ್ಣು ತೆಗೆಯದೆ, ನಗು ತಡೆದುಕೊಂಡು ಕೇಳಿದರು:

“ಎಂತ?”