ಕಲ್ಲುಮುಖಕ್ಕೆ ತೆಂಗಿನೆಣ್ಣೆ

ಆ ಕಲ್ಲಿನ ಮುಖಕ್ಕೆ ಎಣ್ಣೆ ಹಚ್ಚಿದವಳು ನಾನು. ಮಧ್ಯಯುಗದ ಯಾತ್ರಿಕರಲ್ಲ, ಸಂತರಲ್ಲ — ಕುಂದಾಪುರದ ಕಡೆಯ ವನಜಾ. ಹಚ್ಚುವಾಗ ಒಂದು ಗಳಿಗೆಯೂ ಯೋಚಿಸಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ವರ್ಷಗಳೇ ಹಿಡಿದವು.

ನನ್ನ ಗಂಡ ಸುಧಾಕರ ಸ್ವೀಡನ್ನಿನ ಶೋವ್ಡೆ ಪಟ್ಟಣದ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ನಾವಿರುವುದು ಪಟ್ಟಣದಿಂದ ಸ್ವಲ್ಪ ಹೊರಗೆ, ಒಂದು ಹಳ್ಳಿಯಲ್ಲಿ. ಅಲ್ಲೊಂದು ಪುಟ್ಟ ಕಲ್ಲಿನ ಚರ್ಚು ಇದೆ, ಎಷ್ಟೋ ಶತಮಾನ ಹಳೆಯದು. ಪಕ್ಕದ ಮನೆಯ ಗುನ್ವೋರ್, ನಿವೃತ್ತ ಟೀಚರ್, ಅದರ ಇತಿಹಾಸವನ್ನು ಅರೆದು ಕುಡಿದವರು. ಬೇಸಿಗೆಯಲ್ಲಿ ದಾರಿಹೋಕರಿಗೆಂದು ಚರ್ಚು ತೆರೆದಿಟ್ಟು, ಕಾಫಿ, ದಾಲ್ಚಿನ್ನಿ ಬನ್ನು ಕೊಡುವ ಪದ್ಧತಿ ಇಲ್ಲಿಯದು. ಅದಕ್ಕೆ ಮುಂಚೆ ಊರವರೆಲ್ಲ ಸೇರಿ ಗುಡಿಸಿ ಒರೆಸುತ್ತಾರೆ. ನಾವು ಬಂದ ವರ್ಷವೇ ಗುನ್ವೋರ್ ನನ್ನನ್ನೂ ಕರೆದರು.

"ಊರಲ್ಲಿ ದೇವಸ್ಥಾನಕ್ಕೆ ಬಾ ಅಂದ್ರೆ ಮಂಡಿ ನೋವು, ಇಲ್ಲಿ ಚರ್ಚ್ ಗುಡಿಸೋಕೆ ಫುಲ್ ರೆಡಿ! ಫಿಕಾ ಇದೆ ಅಂತ ತಾನೇ?" ಎಂದು ಸುಧಾಕರ ಛೇಡಿಸಿದ. ಹೌದು, ಇಲ್ಲಿಯವರು ಫಿಕಾ ಎನ್ನುವ ಆ ಕಾಫಿ-ಬನ್ನಿಗೇ ಹೋದೆ, ಸುಳ್ಳೇಕೆ ಹೇಳಲಿ. ಸುಳ್ಳು ಹೇಳಿದ್ದು ಆಮೇಲೆ.

ಒಳಬಾಗಿಲಿಗೆ ಮುಂಚೆ ಒಂದು ಕತ್ತಲೆ ಮೊಗಸಾಲೆ. ಹಿಂದಿನವರು ಕತ್ತಿಗಳನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗುತ್ತಿದ್ದರಂತೆ. ಅಲ್ಲಿದ್ದ ಹಳೆಯ ಕಪಾಟಿನ ಹಿಂದೆ ಬಟ್ಟೆ ತೂರಿಸಿ ಧೂಳು ಹೊಡೆಯುತ್ತಿದ್ದಾಗ ಕೈಗೆ ಒಂದು ಮೂಗು ಸಿಕ್ಕಿತು! ಅಯ್ಯೋ ಎಂದು ಕೈ ಎಳೆದುಕೊಂಡೆ. ಬಗ್ಗಿ ನೋಡಿದರೆ ಗೋಡೆಯಲ್ಲಿ ಕೂರಿಸಿದ ಕಲ್ಲಿನ ಮುಖ. ಗಲ್ಲವೆಲ್ಲ ಒಣಗಿ, ಬಿಳಿಚಿಕೊಂಡು, ಪಾಪ, ಎಷ್ಟು ಕಾಲದಿಂದ ಎಣ್ಣೆ ಕಂಡಿಲ್ಲವೋ. ನಮ್ಮ ಕಡೆ ಕಲ್ಲಿನ ಮುಖ ಅಂದಮೇಲೆ ಅದಕ್ಕೆ ಎಣ್ಣೆ ಬೀಳಲೇಬೇಕು. ಒಣಗಿದ್ದರೆ ಮನಸ್ಸು ತಡೆಯುವುದಿಲ್ಲ. ಮಗಳ ತಲೆಗೆಂದು ಚೀಲದಲ್ಲಿ ತೆಂಗಿನೆಣ್ಣೆಯ ಡಬ್ಬಿ ಇದ್ದೇ ಇರುತ್ತಿತ್ತು. ಈ ಚಳಿಗೆ ಎಣ್ಣೆ ಗಟ್ಟಿಯಾಗಿ ಬೆಣ್ಣೆಯಂತಾಗಿತ್ತು. ಅಂಗೈಯಲ್ಲಿ ಉಜ್ಜಿ ಕರಗಿಸಿ, ಕಪಾಟಿನ ಸಂದಿಯಲ್ಲಿ ಕೈತೂರಿಸಿ, ಹಣೆ, ಮೂಗು, ಗಲ್ಲ ಎಲ್ಲಕ್ಕೂ ಚೆನ್ನಾಗಿ ತಿಕ್ಕಿದೆ. "ಈ ಚಳೀಲಿ ಹೆಂಗೆ ಇದ್ದೀಯ ಮಾರಾಯ? ನಮ್ಮನ್ನೂ ಸ್ವಲ್ಪ ನೋಡ್ಕೋ" ಎಂದೆ. ಮುಖಕ್ಕೆ ಕಳೆ ಬಂತು. ನನಗೂ ಏನೋ ಸಮಾಧಾನ — ಈ ದೇಶದಲ್ಲಿ ಕನ್ನಡದಲ್ಲಿ ಮಾತಾಡಲು ಮನೆಯ ಹೊರಗೆ ಒಬ್ಬ ಸಿಕ್ಕಿದ ಹಾಗೆ.

ಆಮೇಲೆ ಚರ್ಚಿಗೆ ಹೋದಾಗಲೆಲ್ಲ ಹಚ್ಚಿದೆ. ಯಾರಿಗೂ ಹೇಳಲಿಲ್ಲ, ಹೇಳಬೇಕಾದ ವಿಷಯ ಅಂತಲೂ ಅನ್ನಿಸಲಿಲ್ಲ.

ಕೆಲವು ವರ್ಷಗಳ ಮೇಲೆ ಗೆದ್ದಲು ಹಿಡಿದಂತೆ ಪುಡಿಯಾಗುತ್ತಿದ್ದ ಆ ಕಪಾಟನ್ನು ತೆಗೆಸಿದರು. ಕಪ್ಪಗೆ ಮಿರಮಿರ ಮಿಂಚುವ ಮುಖ ಹೊರಬಂತು. ಗುನ್ವೋರ್ ಅದರ ಮುಂದೆ ನಿಂತೇಬಿಟ್ಟರು. ನಮ್ಮ ಚರ್ಚಿಗೆ ಒಂದು ಕಾಲದಲ್ಲಿ ದೂರದೂರದಿಂದ ಯಾತ್ರಿಕರು ಬರುತ್ತಿದ್ದರು ಎಂಬುದು ಅವರ ಜೀವಮಾನದ ನಂಬಿಕೆ. ಪುರಾವೆ ಇಲ್ಲ ಎಂದು ಪಕ್ಕದ ಊರಿನ ಚರ್ಚಿನವರು ನಗುತ್ತಿದ್ದರು. ಈಗ ಪುರಾವೆ ಸಿಕ್ಕಿತಲ್ಲ! ದೀಪದ ಎಣ್ಣೆ ತೆಗೆದು ಹಚ್ಚಿ ಬೇಡಿಕೊಂಡವರ ಕೈಗುರುತು! ಆದರೂ ಟೀಚರ್ ಟೀಚರೇ. ನನ್ನ ಕಡೆ ತಿರುಗಿ ಕೇಳಿದರು — ನಾವು ಮಾತಾಡುವುದು ಸ್ವೀಡಿಷಿನಲ್ಲಿ, ಇಲ್ಲಿ ನಮ್ಮ ಮಾತಿಗೆ ತಂದಿದ್ದೇನೆ:

"ವನಜಾ, ಕ್ಲೀನ್ ಮಾಡುವಾಗ ನೀನು ಇದಕ್ಕೆ ಏನಾದರೂ ಹಚ್ಚಿದ್ದೀಯಾ?"

"ಇಲ್ಲ. ಬರೀ ಒಣಬಟ್ಟೆ."

ಅಷ್ಟೇ ನಾನು ಹೇಳಿದ್ದು. ಆಗ ನಮ್ಮ ಪೌರತ್ವದ ಅರ್ಜಿ ಹೋಗಿತ್ತು. ಇವರ ಪುರಾತನ ಕಲ್ಲಿಗೆ ಎಣ್ಣೆ ಮೆತ್ತಿದವಳು ಎಂದು ಯಾರಿಗಾದರೂ ಗೊತ್ತಾದರೆ — ಇಲ್ಲ, ಅದೂ ನೆಪ. ನಿಜವೆಂದರೆ ಗುನ್ವೋರರ ಮುಖ ಆ ಹೊತ್ತಿಗೆ ಅಷ್ಟು ಅರಳಿತ್ತು, ನನಗೆ ಅವರಿಗೆ ಬೇಕಾದವಳಾಗಿರಬೇಕಿತ್ತು.

ಆಮೇಲೆ ಕೇಳಬೇಕೇ! ಕಲ್ಲಿನ ಪಕ್ಕ ಫಲಕ ಬಂತು. ಜನ ಬಂದರು, ಬನ್ನು ಸಾಲದಾಯಿತು. ಗುನ್ವೋರ್ ಕಾಫಿಗೆ ಕೂತರೆ ನಾನೇ ಪ್ರವಾಸಿಗರಿಗೆ ಯಾತ್ರಿಕರ ಕಥೆ ಹೇಳುತ್ತಿದ್ದೆ — ನಾಚಿಕೆಯಿಲ್ಲದೆ, ಕೈಬಾಯಿ ತಿರುಗಿಸಿ. ಒಮ್ಮೆ ಗೋಥೆನ್‌ಬರ್ಗಿನಲ್ಲಿ ಪಿಎಚ್‌ಡಿ ಮಾಡುವ, ನಮ್ಮೂರ ಕಡೆಯ ಹುಡುಗಿ ರಶ್ಮಿ ಬಂದಿದ್ದಳು. ಕಲ್ಲಿನ ಹತ್ತಿರ ಮೂಗು ಒಯ್ದು ಮೂಸಿ, "ಆಂಟಿ, ಇದು ನಮ್ಮ ಪ್ಯಾರಾಶೂಟ್ ಎಣ್ಣೆ ವಾಸ್ನೆ ಅಲ್ವಾ? ಐ ಸ್ವೇರ್!" ಎಂದಳು. "ಸುಮ್ನೆ ಬನ್ನು ತಿನ್ನೇ" ಎಂದು ಗದರಿದೆ. ಮನೆಗೆ ಬಂದು ಸುಧಾಕರನಿಗೆ, ಎಣ್ಣೆಯ ಗುಟ್ಟೂ ಸೇರಿಸಿ, ಹೇಳಿದಾಗ ಅವನು ಹೊಟ್ಟೆ ಹಿಡಿದು ನಕ್ಕ. ನಾನೂ ನಕ್ಕೆ.

ಈ ವರ್ಷ ಗುನ್ವೋರರ ಪುಸ್ತಕ ಅಚ್ಚಿಗೆ ಹೋಗುವುದಿತ್ತು. ಚರ್ಚಿನ ಪೂರ್ತಿ ಇತಿಹಾಸ. ನಡುವಿನ ದೊಡ್ಡ ಅಧ್ಯಾಯ ಈ ಕಲ್ಲಿನದೇ. ಅದನ್ನು ಪರೀಕ್ಷಿಸಲು ಒಬ್ಬ ತಜ್ಞೆಯನ್ನೂ ಅವರೇ ಕರೆಸಿದ್ದರು, ಪಕ್ಕದೂರಿನವರನ್ನೂ ಆಹ್ವಾನಿಸಿದ್ದರು. ನನ್ನ ನಗು ಅಲ್ಲಿಗೆ ನಿಂತಿತು. ಎಲ್ಲರ ಮುಂದೆ ಆ ಹೆಂಗಸು ಬಗ್ಗಿ ಮೂಸಿ, ಇದು ತೆಂಗಿನೆಣ್ಣೆ ಎಂದುಬಿಟ್ಟರೆ — ಗುನ್ವೋರರ ಗತಿ?

ಹಿಂದಿನ ದಿನ ಅವರ ಅಡುಗೆಮನೆಗೆ ಹೋಗಿ ಡಬ್ಬಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಮುಚ್ಚಳ ತೆಗೆದು ಮೂಸಿದರು. ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು — ಆ ನೀರು ಅಷ್ಟೂ ನಗುವಿನದಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ದೂರದಿಂದ ಯಾರೋ ಬಂದು ಎಣ್ಣೆ ಹಚ್ಚಿ ಬೇಡಿಕೊಂಡರು ಅಂತ ಬರೆದಿದ್ದೆ. ಅದು ಪೂರ್ತಿ ತಪ್ಪೇನಲ್ಲ ಬಿಡು" ಎಂದರು. ನನಗೆ ಜೀವ ಬಂದಂತಾಯಿತು. "ಆದರೆ ನಾನು ನಿನ್ನನ್ನು ಕೇಳಿದ್ದೆ, ವನಜಾ. ಎದುರಿಗೆ ನಿಂತು ಕೇಳಿದ್ದೆ."

ನಾನು ಡಬ್ಬಿಯ ಮುಚ್ಚಳ ಹಾಕಿ ಎದ್ದೆ.

ಮರುದಿನ ಮೊಗಸಾಲೆಯಲ್ಲಿ ನಾನೇ ನಿಂತು, ಪಕ್ಕದೂರಿನವರ ಮುಂದೆಯೇ, ಈ ಹೊಳಪು ನನ್ನದು ಎಂದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಎಣ್ಣೆ ಪೂರ್ತಿ ಹೋಗುವುದಿಲ್ಲ ಎಂದು ತಜ್ಞೆ ಹೇಳಿದರು. ಫಲಕ ಇಳಿಯಿತು. ಪುಸ್ತಕ ಬಂದಿದೆ — ತೆಳ್ಳಗೆ, ಆ ಅಧ್ಯಾಯವಿಲ್ಲದೆ.

ಗುನ್ವೋರ್ ಸಿಟ್ಟಾಗಲಿಲ್ಲ. ಈಗಲೂ ಭಾನುವಾರ ಜೊತೆಯಲ್ಲೇ ಕಾಫಿ ಮಾಡುತ್ತೇವೆ. "ಸಕ್ಕರೆ ಇದೆಯಾ?" ಎಂದು ಕೇಳುತ್ತಾರೆ. "ಇದೆ" ಎನ್ನುತ್ತೇನೆ. "ನಿಜವಾಗಿಯೂ?" ಎಂದು ಕಣ್ಣು ಮಿಟುಕಿಸುತ್ತಾರೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆಮೇಲೆ ಅವರು ಎದ್ದುಹೋಗಿ, ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು, ತಾವೇ ನೋಡುತ್ತಾರೆ.