ಎರಡು ನಂಬರ್ ದೊಡ್ಡ ಬೂಟು

1976ರ ನವೆಂಬರ್ 21ರ ಭಾನುವಾರ, ಸೊಲ್ಲಾಪುರದಿಂದ ಹೊರಡುತ್ತಿದ್ದ ಒಂದು ಕನ್ನಡ ವಾರಪತ್ರಿಕೆಯ ಮೂರನೆಯ ಪುಟದಲ್ಲಿ ತಪ್ಪು ಸಲಹೆಯೊಂದು ಅಚ್ಚಾಯಿತು. ಹೊಸದಾಗಿ ಓಡಲು ಕಲಿಯುವವರು ತಮ್ಮ ಅಳತೆಗಿಂತ ಎರಡು ನಂಬರ್ ದೊಡ್ಡ ಕ್ಯಾನ್ವಾಸ್ ಬೂಟು ಕೊಳ್ಳಬೇಕು ಎಂಬುದು ಆ ಸಲಹೆ. ಬರೆದವನು ನಾನು.

ಆಗ ನನಗೆ ಇಪ್ಪತ್ತೊಂಬತ್ತು ವರ್ಷ. ಪತ್ರಿಕೆಗೆ ವರದಿಗಾರನೂ ನಾನೇ, ಪ್ರೂಫ್ ನೋಡುವವನೂ ನಾನೇ. ತುರ್ತು ಪರಿಸ್ಥಿತಿಯ ಕಾಲವಾದ್ದರಿಂದ ಸೆನ್ಸಾರ್ ಹೊಡೆದುಹಾಕಿದ ಸುದ್ದಿಗಳ ಜಾಗ ಪುಟದಲ್ಲಿ ಖಾಲಿ ಬೀಳುತ್ತಿತ್ತು. ಸಂಪಾದಕ ಶಿವಲಿಂಗಪ್ಪನವರು ಅದನ್ನು ತುಂಬಲು ಯಾರಿಗೂ ನೋವಾಗದ ವಿಷಯ ಹುಡುಕುತ್ತಿದ್ದರು. ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಅಕ್ಕಲಕೋಟ ರಸ್ತೆಯಲ್ಲಿ ಓಡುವುದನ್ನು ಅವರು ಕಂಡರು.

"ಇದನ್ನ ಬರಿಯೋ," ಎಂದರು ಕಚೇರಿಯಲ್ಲಿ. "ಓಡೂದರ ಬಗ್ಗೆ ಬರದ್ರ ಯಾರೂ ಏನೂ ಅನ್ನಂಗಿಲ್ಲ. ಆದ್ರ ಯಾರಿಗಿ ಅಂಜಿ ಓಡಾಕತ್ತೀದಿ ಅನ್ನೂದು ಮಾತ್ರ ಬರೀಬ್ಯಾಡ."

ನಾನು ಓಡಲು ಶುರುಮಾಡಿ ಒಂದು ವಾರವಷ್ಟೇ ಆಗಿತ್ತು. ದಿನವಿಡೀ ಕುರ್ಚಿಯಲ್ಲಿ ಕೂತು ಬೆನ್ನು ಹಿಡಿದುಕೊಂಡಿತ್ತು. ಅದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಮಿಲ್ಲಿನ ಬೆಳಗಿನ ಪಾಳಿಯ ಸೈರನ್, ನಮ್ಮೂರವರ ಭೋಂಗಾ, ಕೂಗಿದ ಮೇಲೆ ಮನೆಯಿಂದ ಹೊರಡುತ್ತಿದ್ದೆ. ಕೆಲಸಗಾರರ ಸೈಕಲ್ಲುಗಳು ಊರಿನ ಕಡೆಗೆ ತೇಲಿಬರುತ್ತಿದ್ದವು, ನಾನು ಊರ ಹೊರಗೆ. ಮೊದಲ ಮೈಲಿ ಕಷ್ಟ. ಎರಡನೆಯದರಲ್ಲಿ ಉಸಿರು ತನ್ನ ಲಯ ತಾನೇ ಕಂಡುಕೊಳ್ಳುತ್ತಿತ್ತು. ಆಮೇಲೆ ನಾನು ನಿಂತೇ ಇದ್ದೇನೆ, ರಸ್ತೆಯೇ ಕಾಲ ಕೆಳಗೆ ಹರಿಯುತ್ತಿದೆ ಎನ್ನಿಸುತ್ತಿತ್ತು. ಮಂಜಿನೊಳಗಿಂದ ಬೇವಿನ ಮರಗಳು ಒಂದೊಂದಾಗಿ ಎದುರು ಬಂದು, ಪಕ್ಕಕ್ಕೆ ಸರಿದು, ಹಿಂದೆ ಕರಗುತ್ತಿದ್ದವು. ಚಕ್ಕಡಿಯ ಕೆಳಗೆ ತೂಗುವ ಕಂದೀಲು ಬಹಳ ಹೊತ್ತು ಹತ್ತಿರ ಬರುತ್ತಲೇ ಇರುತ್ತಿತ್ತು. ಎಚ್ಚರವಾಗಿದ್ದೇನೋ ಇನ್ನೂ ಹಾಸಿಗೆಯಲ್ಲಿದ್ದೇನೋ ಎಂದು ಖಚಿತವಾಗಿ ಹೇಳಲಾರದಂಥ ಇಪ್ಪತ್ತು ನಿಮಿಷ ಅದು. ಅಂಕಣದಲ್ಲಿ ಇದನ್ನೆಲ್ಲ ಬರೆದೆ. ಓದುಗರ ಕಾಗದಗಳು ಬಂದವು.

ಬರೆಯದೇ ಬಿಟ್ಟದ್ದು ಒಂದಿತ್ತು. ಎರಡನೆಯ ವಾರದಿಂದ ನನ್ನ ಎರಡೂ ಕಣಕಾಲುಗಳ ಎಲುಬಿನ ಒಳಮಗ್ಗುಲು ನೋಯುತ್ತಿತ್ತು. ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದು ಇಡಬೇಕಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದು ದಿನಾಂಕಸಹಿತ ಇದೆ. ಮಂಜು, ಕಂದೀಲುಗಳ ನಡುವೆ ಅದು ಹೊಂದುವುದಿಲ್ಲವೆಂದು ಪುಟಕ್ಕೆ ತರಲಿಲ್ಲ.

ಬೂಟಿನ ಸಲಹೆ ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ಸೊಲ್ಲಾಪುರ ನೂಲು, ಬಟ್ಟೆಯ ಊರು. ಕೋರಾ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ನನ್ನ ತಂದೆ ಮಿಲ್ಲಿನಲ್ಲಿ ಗುಮಾಸ್ತರು. ಅಂಗಿಯ ಅಳತೆ ಕೊಡುವಾಗ ಎರಡು ಬೆರಳು ಹೆಚ್ಚು ಹಿಡಿಸದೆ ದರ್ಜಿಯನ್ನು ಬಿಟ್ಟವರಲ್ಲ. ಕ್ಯಾನ್ವಾಸ್ ಎಂದರೆ ಹತ್ತಿಯೇ. ಹಾಗಾಗಿ ನಮ್ಮ ಮನೆಯಲ್ಲಿ, ನಮ್ಮಂಥ ಎಷ್ಟೋ ಮನೆಗಳಲ್ಲಿ, ಕ್ಯಾನ್ವಾಸ್ ಬೂಟನ್ನು ಎರಡು ನಂಬರ್ ದೊಡ್ಡದು ತಂದು, ತುದಿಗೆ ಹತ್ತಿ ತುರುಕಿ, ಒಗೆದು ಕುಗ್ಗುವುದನ್ನು ಕಾಯುತ್ತಿದ್ದರು. ನನ್ನ ಬೂಟೂ ಹಾಗೆಯೇ ಬಂದಿತ್ತು. ಯಾರನ್ನೂ ಕೇಳದೆ ಬರೆದುಬಿಟ್ಟೆ.

ಡಿಸೆಂಬರ್ 14ರ ಮಂಗಳವಾರ ಮಧ್ಯಾಹ್ನ ಇಬ್ಬರು ಕಚೇರಿಗೆ ಬಂದರು. ಒಬ್ಬರು ಅಕ್ಕಲಕೋಟದ ಬಟ್ಟೆ ವ್ಯಾಪಾರಿ ರೇವಣಸಿದ್ಧಪ್ಪ. ಎಪ್ಪತ್ತರ ಆಸುಪಾಸು, ಕರಿ ಟೋಪಿ, ಬಿಳಿ ಧೋತರ. ಇನ್ನೊಬ್ಬಳು ಮೊಮ್ಮಗಳು ಮಹಾನಂದಾ, ಇಪ್ಪತ್ತೊಂದು ವರ್ಷ. ಆಕೆ ಮೆಟ್ಟಿಲನ್ನು ಒಂದೊಂದಾಗಿ, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಹತ್ತಿದಳು. ಅಜ್ಜನ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ನನ್ನ ಅಂಕಣ ಇತ್ತು.

"ಇದನ್ನ ಬರದಾಂವ ಯಾರ್ರಿ?"

ನಾನೇ ಎಂದೆ.

"ಭಾಳ ಚಲೋ ಬರದೀರಿ. ನಾ ಎರಡ ಸಲ ಓದಿ ಹೇಳೀನಿ ಇಕಿಗಿ. ಮರಾಠಿ ಸಾಲಿ ಕಲತಾಳ, ಕನ್ನಡ ಓದಾಕ ಬರಂಗಿಲ್ಲ. ನೀವು ಹೇಳಿದಂಗ ಬೂಟ ತಂದೆ, ಹತ್ತಿ ತುಂಬಿದೆ, ಎಲ್ಲಾ ಬರೋಬರ್ ಮಾಡೀನಿ. ಆದ್ರೂ ನಡಗಿ ನೋಯ್ತದ ಅಂತಾಳ." ನಡಗಿ ಎಂದರೆ ಮರಾಠಿಯಲ್ಲಿ ಕಣಕಾಲಿನ ಎಲುಬು. "ಬೂಟ ಬರೋಬರ್ ಅದ ಅಂದ್ರ ಕಾಲs ಬರೋಬರ್ ಇಲ್ಲ ಅಂದಂಗಾತು. ಹೌದಿಲ್ಲೋ? ಹೆಣ್ಣಮಕ್ಕಳ ಕಾಲು ಓಡಾಕ ಅಲ್ಲ ಅಂತ ಒಂದ ಮಾತು ಇಕಿಗಿ ಹೇಳ್ರಿ. ನಿಮ್ಮ ಮಾತು ಕೇಳತಾಳ."

ಮಹಾನಂದಾ ತಲೆ ಎತ್ತಿದಳು. "ಅಜ್ಜಾ, ನಾವು ಬಂದದ್ದು ಕೇಳಾಕ. ಉತ್ತರ ನೀನs ಕೊಡಾಕತ್ತೀದಿ."

ವಿಷಯ ಇಷ್ಟು. ದೈಹಿಕ ಶಿಕ್ಷಕಿಯರ ತರಬೇತಿಗೆ ಆಯ್ಕೆ 1977ರ ಜನವರಿ 29ರಂದು ಸೊಲ್ಲಾಪುರದಲ್ಲಿ ನಡೆಯುವುದಿತ್ತು. ಎಂಟುನೂರು ಮೀಟರನ್ನು ನಾಲ್ಕು ನಿಮಿಷದೊಳಗೆ ಓಡಬೇಕು. ಆಕೆ ಅದಕ್ಕಾಗಿ ನವೆಂಬರಿನಿಂದ ಓಡುತ್ತಿದ್ದಳು. ಈ ಸಲ ತಪ್ಪಿದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂರಬೇಕು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಉಳಿದದ್ದು ನಲವತ್ತಾರು ದಿನ.

"ಎಲ್ಲಿ ನೋಯ್ತದ?" ಎಂದು ಕೇಳಿದೆ.

ಬಗ್ಗಿ ತೋರಿಸಿದಳು. ಕಾಲಿನ ಹರಡಿನಿಂದ ಒಂದು ಗೇಣು ಮೇಲೆ, ಎಲುಬಿನ ಒಳಮಗ್ಗುಲು. ಮೇಜಿನ ಕೆಳಗೆ ನನ್ನದೂ ಅಲ್ಲೇ ನೋಯುತ್ತಿತ್ತು.

ಅವರಿಬ್ಬರನ್ನೂ ಸ್ಟೇಷನ್ ಹತ್ತಿರ ಬೂಟು ದುರಸ್ತಿ ಮಾಡುವ ಲಕ್ಷ್ಮಣ ಮೇಸ್ತ್ರಿಯ ಬಳಿಗೆ ಕರೆದೊಯ್ದೆ. ಮೇಸ್ತ್ರಿ ಆಕೆಯ ಬೂಟಿನ ಒಳಹಾಸನ್ನು ಕಿತ್ತು ಬೆಳಕಿಗೆ ಹಿಡಿದರು. ಬೆರಳುಗಳ ಜಾಗದಲ್ಲಿ ಐದು ಗುಳಿಗಳಿದ್ದವು. ಹಕ್ಕಿ ಕೊಂಬೆಯನ್ನು ಹಿಡಿದಂತೆ ಆಕೆ ಬೆರಳುಗಳಿಂದ ಬೂಟನ್ನು ಹಿಡಿದುಕೊಂಡೇ ಓಡಿದ್ದಳು. ಹಿಮ್ಮಡಿಯ ಬಟ್ಟೆ ಉಜ್ಜಿ ಉಜ್ಜಿ ಹರಿದಿತ್ತು.

"ಬೂಟ ಕಾಲನ್ನ ಹಿಡೀಬೇಕ್ರಿ. ಇಲ್ಲಿ ಕಾಲು ಬೂಟನ್ನ ಹಿಡದದ," ಎಂದರು ಮೇಸ್ತ್ರಿ. "ಹೆಜ್ಜಿಗೊಮ್ಮೆ ಹಿಂಗ ಬಿಗಿ ಹಿಡದ್ರ ನಡಗಿ ನೋಯದs ಇರತದೇನು?"

"ಒಗದ ಮ್ಯಾಲೆ ಕುಗ್ಗತದಲ್ಲೋ ಮಾರಾಯಾ," ಎಂದರು ರೇವಣಸಿದ್ಧಪ್ಪ. "ಐವತ್ತ ವರ್ಷ ಬಟ್ಟಿ ಮಾರೀನಿ ನಾ."

ಮೇಸ್ತ್ರಿ ಬೂಟನ್ನು ಮಗುಚಿ ಅಡಿಯನ್ನು ಬೆರಳಿನಿಂದ ತಟ್ಟಿದರು. "ಬಟ್ಟಿ ಕುಗ್ಗತದ್ರಿ ಸಾವ್ಕಾರ್ರ. ರಬ್ಬರ್ ಕುಗ್ಗತದೇನು?"

ಮುದುಕರು ಸೋಲಲಿಲ್ಲ. "ನೀ ಬಾಯಿಲೆ ಹೇಳತಿ. ಇವರು ಪೇಪರಿನ್ಯಾಗ ಹಾಕ್ಯಾರ. ತಪ್ಪಿದ್ರ ಅದೂ ಪೇಪರಿನ್ಯಾಗs ಬರಲಿ, ಆಮ್ಯಾಲೆ ನೋಡೂಣು. ಅಲ್ಲೀತನ ಓಟ ಬಂದ್." ಹಾಗೆ ಹೇಳಿ ಬೂಟನ್ನು ಚೀಲಕ್ಕೆ ಹಾಕಿಕೊಂಡರು. ಮಹಾನಂದಾ ನನ್ನನ್ನು ನೋಡಿದಳು.

ಮರುದಿನ ಒಬ್ಬ ಎಲುಬಿನ ಡಾಕ್ಟರರಿಗೆ ನನ್ನದೇ ಕಾಲು ತೋರಿಸಿದೆ. ಇದಕ್ಕೆ ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ ಎಂದರು. ಅಭ್ಯಾಸವಿಲ್ಲದ ಕಾಲು ಒಮ್ಮೆಲೇ ಹೆಚ್ಚು ಓಡಿದಾಗ, ಅದರಲ್ಲೂ ಗಟ್ಟಿ ಡಾಂಬರಿನ ಮೇಲೆ, ಹೊಂದದ ಬೂಟಿನಲ್ಲಿ ಓಡಿದಾಗ, ಎಲುಬಿಗೆ ಅಂಟಿದ ಸ್ನಾಯುವಿನ ಜಾಗ ಕೆರಳುತ್ತದೆ. ನೋವು ಎಲುಬಿನುದ್ದಕ್ಕೂ ಹರಡಿದ್ದರೆ ವಿಶ್ರಾಂತಿ, ತಣ್ಣೀರಿನ ಪಟ್ಟಿ, ಮೆತ್ತನೆಯ ನೆಲ, ನಿಧಾನವಾಗಿ ಮರಳುವುದು. ಬೆರಳ ತುದಿಯಷ್ಟೇ ಜಾಗದಲ್ಲಿ ನೋವು ಚುಚ್ಚಿದರೆ ಎಲುಬಿನಲ್ಲಿ ಬಿರುಕಿರಬಹುದು. ಓಡಲೇಬಾರದು, ಎಕ್ಸ್-ರೇ ತೆಗೆಸಬೇಕು. ಆಕೆಯನ್ನೂ ಕಳಿಸಿ ಎಂದರು. ಗುರುವಾರ ಆಕೆ ತಾಯಿಯೊಂದಿಗೆ ಹೋಗಿಬಂದಳು. ಬಿರುಕು ಇರಲಿಲ್ಲ.

ತಿದ್ದುಪಡಿ ಬರೆದು ಶಿವಲಿಂಗಪ್ಪನವರ ಮುಂದಿಟ್ಟೆ. ಅವರು ಕನ್ನಡಕ ತೆಗೆದರು.

"ಬೂಟಿಗೊಂದು ತಿದ್ದುಪಡಿ? ಮುಖ್ಯಮಂತ್ರಿಗಳ ಹೆಸರು ತಪ್ಪಿದಾಗೂ ನಾವು ಹಾಕಿಲ್ಲ."

"ಅವರ ಕಾಲಿಗೆ ಏನೂ ಆಗಿರಲಿಲ್ಲರಿ," ಎಂದೆ.

ಕನ್ನಡಕ ಮತ್ತೆ ಹಾಕಿಕೊಂಡು, "ಮೂರನೇ ಪುಟ. ಅದs ಜಾಗ," ಎಂದರು.

ಡಿಸೆಂಬರ್ 19ರಂದು ಅಚ್ಚಾದದ್ದು ಹೀಗಿತ್ತು: "ನವೆಂಬರ್ 21ರ ಸಂಚಿಕೆಯಲ್ಲಿ ಎರಡು ನಂಬರ್ ದೊಡ್ಡ ಬೂಟು ಕೊಳ್ಳಬೇಕೆಂದು ಬರೆದದ್ದು ತಪ್ಪು. ಬೂಟನ್ನು ಸಂಜೆ ಕೊಳ್ಳಬೇಕು, ಆಗ ಕಾಲು ತುಸು ಊದಿರುತ್ತದೆ. ನಿಂತು ನೋಡಬೇಕು, ಮುಂದೆ ಹೆಬ್ಬೆರಳಿನಗಲ ಜಾಗ ಇರಲಿ, ಹಿಮ್ಮಡಿ ಕದಲಬಾರದು. ರಬ್ಬರ್ ಅಡಿಯ ಬೂಟು ಒಗೆದರೆ ಕುಗ್ಗುವುದಿಲ್ಲ. ಕಣಕಾಲು ನೋಯುವವರು ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಈ ನೋವು ಲೇಖಕನಿಗೂ ಇತ್ತು. ಆತ ಅದನ್ನು ಬರೆದಿರಲಿಲ್ಲ."

ನಾಲ್ಕು ದಿನಗಳ ನಂತರ ಪೋಸ್ಟ್‌ಕಾರ್ಡು ಬಂತು, ಅಜ್ಜನ ಕೈಬರಹ. ತಿದ್ದುಪಡಿ ಓದಿದೆವು. ಸಂಜೆ ಹೋಗಿ ನಾಲ್ಕು ನಂಬರ್ ಬೂಟು ತಂದಿದ್ದೇವೆ. ಡಾಕ್ಟರರು ಹೇಳಿದಷ್ಟು ದಿನ ಆರಾಮು. ಹೊಸ ವರ್ಷದಿಂದ ಮಹಾನಂದಾ ಚಪಳಗಾಂವ ಎಂಬ ಹಳ್ಳಿಯಲ್ಲಿ ಬೀಗರ ಮನೆಯಲ್ಲಿರುತ್ತಾಳೆ, ಅಲ್ಲಿಯ ನೆಲ ಮೆತ್ತಗಿದೆ.

ಜನವರಿ ಎರಡನೆಯ ವಾರ ನಾನು ಚಪಳಗಾಂವಕ್ಕೆ ಹೋದೆ. ಮೊದಲ ಬಸ್ಸು ಇಳಿದಾಗ ಸೂರ್ಯ ಇನ್ನೂ ಕಾಣಿಸಿರಲಿಲ್ಲ. ದನ ಮೇಯುವ ಮಾಳದ ಮೇಲೆ ಮಂಜು ಮೊಣಕಾಲೆತ್ತರಕ್ಕೆ ಹಾಸಿತ್ತು. ಕುರಿಗಳ ಬೆನ್ನುಗಳಷ್ಟೇ ಅದರ ಮೇಲೆ ತೇಲುತ್ತಿದ್ದವು. ಕೊರಳ ಗಂಟೆಗಳ ಸದ್ದು ಯಾವ ಕಡೆಯಿಂದ ಬರುತ್ತದೆಂದು ತಿಳಿಯುತ್ತಿರಲಿಲ್ಲ. ಆಮೇಲೆ ಆಕೆ ಕಂಡಳು. ಸೀರೆಯ ಕಚ್ಚೆ ಹಾಕಿದ್ದಳು. ಕಾಲುಗಳು ಮಂಜಿನೊಳಗಿದ್ದುದರಿಂದ ಓಡುತ್ತಿರುವುದು ಗೊತ್ತಾಗಲಿಲ್ಲ. ಯಾರೋ ಆಕೆಯನ್ನು ಎತ್ತಿಕೊಂಡು ಹುಲ್ಲಿನ ಮೇಲೆ ಮೆಲ್ಲಗೆ ಸಾಗಿಸುತ್ತಿರುವ ಹಾಗಿತ್ತು. ಹೆಜ್ಜೆಯ ಸದ್ದು ಇರಲಿಲ್ಲ. ಮಾಳದ ಅಂಚಿಗೆ ಹೋಗಿ ಬೆಳಕಿನಲ್ಲಿ ಕರಗಿ ಮತ್ತೆ ಮೂಡಿಬಂದಳು. ಎಷ್ಟು ಸುತ್ತು ಎಂದು ಎಣಿಸಲು ಹೋಗಿದ್ದೆ. ನೋಟ್‌ಬುಕ್ಕಿನ ಆ ಪುಟ ಖಾಲಿ ಇದೆ.

ಹತ್ತಿರ ಬಂದು ನಿಂತಾಗ ಬೂಟು ಇಬ್ಬನಿಯಲ್ಲಿ ತೊಯ್ದಿತ್ತು. "ನೋವು?" ಎಂದೆ.

"ಅದ. ಆದ್ರ ಮೊದಲಿನಂಗ ಒದರಂಗಿಲ್ಲ, ಪಿಸುಪಿಸು ಮಾತಾಡತದ," ಎಂದಳು. "ನಿಮ್ದು?"

ನಾನು ಓಟ ನಿಲ್ಲಿಸಿ ನಾಲ್ಕು ವಾರವಾಗಿತ್ತು. ಹಾಗೆಂದು ಹೇಳಿದೆ.

"ಶುರು ಮಾಡ್ರಿ," ಎಂದಳು. "ಈ ಸಲ ಎಲ್ಲಾ ಬರೀರಿ."

ಜನವರಿ ಮೂರನೆಯ ವಾರ ಚುನಾವಣೆ ಘೋಷಣೆಯಾಯಿತು, ಸೆನ್ಸಾರ್ ಸಡಿಲವಾಯಿತು. ಪುಟಗಳಲ್ಲಿ ಸುದ್ದಿಗೇ ಜಾಗ ಸಾಲದಾಗಿ ನನ್ನ ಅಂಕಣ ನಿಂತಿತು. 29ರ ಶನಿವಾರ ಎರಡು ಗಂಟೆ ರಜೆ ಕೇಳಿ ಮೈದಾನಕ್ಕೆ ಹೋದೆ. ಗೆರೆಯ ಪಕ್ಕದಲ್ಲಿ ರೇವಣಸಿದ್ಧಪ್ಪನವರು ನಿಂತಿದ್ದರು: ಕರಿ ಟೋಪಿ, ಬಿಳಿ ಧೋತರ, ಬಿಳಿ ಕ್ಯಾನ್ವಾಸ್ ಬೂಟು. ನಾನು ಕಾಲ ಕಡೆ ನೋಡಿದ್ದು ಅವರಿಗೆ ಗೊತ್ತಾಯಿತು.

"ಆರ ನಂಬರ್. ಹತ್ತಿ ತಗದೀನಿ, ನನಗ ಅಗದಿ ಬರೋಬರ್ ಆಗ್ಯಾವ," ಎಂದರು. "ನಿಮ್ಮ ಸಲಹಾ ಪೂರಾ ವಾಯಾ ಹೋಗಿಲ್ಲ, ಬಿಡ್ರಿ."

ಮೊದಲ ಸುತ್ತಿನಲ್ಲಿ ಮಹಾನಂದಾ ಕೊನೆಯ ಮೂವರಲ್ಲಿದ್ದಳು. ಎರಡನೆಯ ಸುತ್ತಿನ ಅರ್ಧಕ್ಕೆ ಮುಖ ಕಿವುಚಿಕೊಂಡಿತು, ಹೆಜ್ಜೆಯ ಲಯ ತಪ್ಪಲಿಲ್ಲ. ಗಡಿಯಾರ ಹಿಡಿದವರು 3 ನಿಮಿಷ 51 ಸೆಕೆಂಡು ಎಂದು ಕೂಗಿದರು. ಮುದುಕರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆಯ್ಕೆಯ ಪಟ್ಟಿಯಲ್ಲಿ ಆಕೆಯದು ಹನ್ನೊಂದನೆಯ ಹೆಸರು.

ಮೂವತ್ತೆರಡು ವರ್ಷ ಈ ಕೆಲಸದಲ್ಲಿದ್ದೆ. ಸುಳ್ಳು ಬರೆಯದಿದ್ದರೆ ಸಾಕು ಎಂದು ಮೊದಲ ಕೆಲವು ವರ್ಷ ನಂಬಿದ್ದೆ. ಆ ಡಿಸೆಂಬರಿನ ನಂತರ ಯಾವ ಸುದ್ದಿಯನ್ನೇ ಆಗಲಿ, ಕಂಪೋಸಿಗೆ ಕೊಡುವ ಮೊದಲು ನೋಟ್‌ಬುಕ್ಕಿಗೆ ಹಿಂದಿರುಗಿ, ಏನನ್ನು ಬಿಟ್ಟಿದ್ದೇನೆ, ಯಾಕೆ ಬಿಟ್ಟಿದ್ದೇನೆ ಎಂದು ಒಮ್ಮೆ ಓದುತ್ತಿದ್ದೆ.

ರೇವಣಸಿದ್ಧಪ್ಪನವರು ಆ ಬೂಟು ಅಡಿ ಸವೆಯುವ ತನಕ ಹಾಕಿಕೊಂಡರು. ಮಹಾನಂದಾ ಅಕ್ಕಲಕೋಟದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾಗಿ ನಿವೃತ್ತಳಾದಳು. ಕಳೆದ ಡಿಸೆಂಬರಿನಲ್ಲಿ ಫೋನ್ ಮಾಡಿದ್ದಳು. ಈಗ ಅವಳ ಮೊಮ್ಮಗಳು ಓಡಲು ಶುರುಮಾಡಿದ್ದಾಳಂತೆ. ಬೂಟು ತರಲು ಇಬ್ಬರೂ ಸೊಲ್ಲಾಪುರಕ್ಕೆ ಬಂದಿದ್ದರು. ಬೆಳಿಗ್ಗೆಯೇ ಬಂದವರು ಸಂಜೆಯವರೆಗೆ ಕಾದು ಅಂಗಡಿಗೆ ಹೋದರು.